ಕೃಷ್ಣಾ–ಭೀಮೆಯರ ನಡುವಣ ಬಯಲು ಮತ್ತು ಅದರ ಪ್ರಾಣಿಗಳು

ನಮ್ಮ ಸೀಮೆಯ ಯಾವ ಶಾಲೆಯಲ್ಲಾದರೂ ಏಳನೆಯ ತರಗತಿಯ ಮಗುವೊಂದನ್ನು ಎಬ್ಬಿಸಿ ನಿಲ್ಲಿಸಿ, “ಐದು ಕಾಡುಪ್ರಾಣಿಗಳ ಹೆಸರು ಹೇಳು” ಎಂದು ಕೇಳಿನೋಡಬೇಕು. ಹುಲಿ, ಸಿಂಹ, ಆನೆ, ಕರಡಿ, ಚಿರತೆ ಎಂಬ ಉತ್ತರ ತಡೆಯಿಲ್ಲದೆ ಬರುತ್ತದೆ. ಸಿಂಹವಿರುವುದು ಗುಜರಾತಿನ ಗಿರ್ ಅರಣ್ಯದಲ್ಲಿ. ಆನೆಯಿರುವುದು ಇಲ್ಲಿಂದ ನೂರಾರು ಮೈಲಿ ದೂರದ ಮೈಸೂರು, ಕೊಡಗಿನ ಕಾಡುಗಳಲ್ಲಿ. ಅದೇ ಮಗು ಊರಿನಿಂದ ಶಾಲೆಗೆ ಬರುವ ದಾರಿಯಲ್ಲಿ ತೊಗರಿ ಹೊಲದ ಅಂಚಿಗೆ ಕಿವಿ ನಿಮಿರಿಸಿ ನಿಂತ ಚಿಗರಿಯನ್ನು ಕಂಡಿರಬಹುದು. ಅದರ ಅಜ್ಜ ಕುರಿಹಟ್ಟಿಯ ಬಳಿ ತೋಳವನ್ನು ಅಟ್ಟಿದವನಿರಬಹುದು. ಆದರೂ ಅವು ಮಗುವಿನ ಪಟ್ಟಿಯಲ್ಲಿ ಸೇರುವುದಿಲ್ಲ. ಕಾಡೇ ಇಲ್ಲದ ಬಯಲುಸೀಮೆಯಲ್ಲಿ ಕಾಡುಪ್ರಾಣಿ ಎಲ್ಲಿಂದ ಬಂದೀತು ಎಂಬುದು ಅದರ ಭಾವನೆ. ಮಗುವನ್ನು ದೂರುವಂತಿಲ್ಲ. ಇದು ಹಿರಿಯರಾದ ನಮ್ಮೆಲ್ಲರ ಭಾವನೆಯೂ ಹೌದು, ಕಚೇರಿಗಳ ಕಾಗದಪತ್ರಗಳ ಭಾವನೆಯೂ ಹೌದು. ಈ ಒಂದು ಭಾವನೆಯಿಂದ ನಮ್ಮ ನೆಲದ ಮೂಲನಿವಾಸಿಗಳಾದ ಪ್ರಾಣಿಗಳಿಗೆ ಆಗಿರುವ ಹಾನಿಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಬಹುದಿನದ ಬಯಕೆ.

ಯಾದಗಿರಿ, ಶಹಾಪುರ, ಸುರಪುರಗಳ ನೆಲದ ಲಕ್ಷಣವನ್ನು ಮೊದಲು ನೆನೆಯಬೇಕು. ದಕ್ಷಿಣದ ಎಲ್ಲೆಯಲ್ಲಿ ಕೃಷ್ಣೆ ಹರಿದಿದ್ದಾಳೆ. ವಾಯವ್ಯದಿಂದ ಬರುವ ಭೀಮೆ ಶಹಾಪುರ, ಯಾದಗಿರಿಗಳ ನಡುವೆ ಹಾದು ಆಗ್ನೇಯದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಇವರಿಬ್ಬರ ನಡುವಣ ಭೂಭಾಗವನ್ನು ವಿದ್ವಾಂಸರು ‘ಶೋರಾಪುರ ದೋಆಬ್’ ಎಂದು ಕರೆದಿದ್ದಾರೆ. ಎರೆಯ ವಿಶಾಲ ಬಯಲು, ಅಲ್ಲಲ್ಲಿ ಮಸಾರಿ ದಿಬ್ಬ, ಸುರಪುರ ಶಹಾಪುರಗಳ ಬೋಳು ಕಲ್ಲುಗುಡ್ಡಗಳು, ಬೇಸಗೆಯಲ್ಲಿ ಬತ್ತುವ ಹಳ್ಳಗಳು, ಭೀಮೆಯಾಚೆ ಗುರುಮಠಕಲ್ ಕಡೆಗೆ ಒಂದಿಷ್ಟು ಕುರುಚಲು ಕಾಡು. ಮಳೆಯನ್ನು ನೆಚ್ಚಿ ಜೋಳ, ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತಿದ್ದ ಹೊಲಗಳ ನಡುನಡುವೆ ಹುಲ್ಲುಗಾವಲು. ಈ ಹುಲ್ಲುಗಾವಲೇ ಇಲ್ಲಿಯ ಅರಣ್ಯ. ಇದನ್ನು ನಾವು ಅರಣ್ಯವೆಂದು ಎಂದೂ ಕರೆಯಲಿಲ್ಲ, ಅಷ್ಟೇ.

ಇಲ್ಲಿ ಮೃಗ ಮತ್ತು ಮನುಷ್ಯರ ಒಡನಾಟ ಎಷ್ಟು ಹಳೆಯದೆಂಬುದಕ್ಕೆ ಹುಣಸಗಿಯ ಕಣಿವೆಯೇ ಸಾಕ್ಷಿ. ಪುಣೆಯ ಡೆಕ್ಕನ್ ಕಾಲೇಜಿನ ಪ್ರಾಧ್ಯಾಪಕರಾದ ಕೆ. ಪದ್ದಯ್ಯನವರು ಹಲವು ದಶಕಗಳ ಕಾಲ ಈ ಕಣಿವೆಯನ್ನು ಕಾಲ್ನಡಿಗೆಯಲ್ಲಿ ಶೋಧಿಸಿದರು. ಅವರು ಅಗೆಸಿದ ಇಸಾಂಪುರದ ನೆಲೆಯಲ್ಲಿ ಆದಿಮಾನವನ ಕಲ್ಲಿನ ಆಯುಧಗಳ ಜೊತೆಗೆ ಕಾಡುದನದ ಹಲ್ಲುಗಳು ದೊರೆತುವು. ಆ ಹಲ್ಲಿನ ಗಾಜಿನಂಥ ಹೊರಪದರವನ್ನು ಪರೀಕ್ಷಿಸಿ, ನೆಲೆಯ ಕಾಲ ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನದೆಂದು ಅಂದಾಜು ಮಾಡಲಾಗಿದೆ. ಬೇಸಗೆಯಲ್ಲೂ ಬತ್ತದ ಒರತೆಗಳ ಬಳಿ ಪ್ರಾಣಿಗಳು ಕೂಡುತ್ತಿದ್ದುವು, ಅವುಗಳ ಬೆನ್ನಿಗೆ ಮನುಷ್ಯರೂ ಕೂಡುತ್ತಿದ್ದರು. ಮಳೆ ಬಂದೊಡನೆ ಇಬ್ಬರೂ ಕಣಿವೆಯ ತುಂಬ ಚೆದರುತ್ತಿದ್ದರು ಎಂದು ಪದ್ದಯ್ಯನವರು ವಿವರಿಸುತ್ತಾರೆ. ಯಾವ ಪ್ರಾಣಿ ಎಲ್ಲಿರಬೇಕೆಂಬುದನ್ನು ಇಲ್ಲಿ ನೀರೇ ನಿರ್ಧರಿಸುತ್ತಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳುತ್ತೇನೆ.

ಸುರಪುರ ಸಮೀಪದ ಬೂದಿಹಾಳದ ಬೂದಿದಿಬ್ಬ ಬೇರೊಂದು ಕಾಲದ ಕತೆ ಹೇಳುತ್ತದೆ. ಅದು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾರರ ನೆಲೆ. ಅಲ್ಲಿ ಸಿಕ್ಕ ಎಲುಬುಗಳಲ್ಲಿ ಹೆಚ್ಚಿನವು ಸಾಕಿದ ದನಗಳವು. ಬೇಟೆಗಾರ ಗೋಪಾಲಕನಾದ ದಿನವೇ ಬಯಲಿನ ಹುಲ್ಲಿಗೆ ಇಬ್ಬರು ಹಕ್ಕುದಾರರು ಹುಟ್ಟಿಕೊಂಡರು. ಆದರೂ ಹುಲ್ಲು ಸಾಕಷ್ಟಿತ್ತು. ಊರದನ ಮತ್ತು ಚಿಗರಿ ಒಂದೇ ಬಯಲಿನಲ್ಲಿ ಸಾವಿರಾರು ವರ್ಷ ಮೇಯ್ದುವು ಎಂಬುದು ಮುಖ್ಯ.

ಸುರಪುರದ ನಾಯಕ ದೊರೆಗಳು ಬೇಡರ ಕುಲದವರು. ಬೇಟೆ ಅವರಿಗೆ ವಿನೋದವೂ ಹೌದು, ಯುದ್ಧದ ಅಭ್ಯಾಸವೂ ಹೌದು. ಬಿಲ್ಲು, ಈಟಿ, ತೋಡೆಯ ಬಂದೂಕುಗಳಿಂದ ಮೃಗಗಳ ಸಂತತಿ ಕುಗ್ಗಿರಬಹುದು, ಆದರೆ ನಿಶ್ಶೇಷವಾಗಲಿಲ್ಲ. 1841ರಲ್ಲಿ ಇಲ್ಲಿಗೆ ಬಂದು ಎಳೆಯ ದೊರೆ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನದ ಮೇಲ್ವಿಚಾರಣೆ ನಡೆಸಿದ ಮೆಡೋಸ್ ಟೇಲರ್ ಕೆರೆ ಕಟ್ಟೆಗಳನ್ನು ದುರಸ್ತಿ ಮಾಡಿಸಿದನು. ಆ ಕಾಲದಲ್ಲಿ ದಖ್ಖಣದ ಒಡೆಯರು ಸಿವಂಗಿಗಳನ್ನು ಪಳಗಿಸಿ ಚಿಗರಿಯ ಬೇಟೆಗೆ ಬಿಡುತ್ತಿದ್ದುದುಂಟು. ಭಾರತದಿಂದ ಸಿವಂಗಿ ಅಳಿದುಹೋಯಿತೆಂದು 1952ರಲ್ಲಿ ಸರ್ಕಾರ ಪ್ರಕಟಿಸಿತು. ಅದಾದ 70 ವರ್ಷಗಳ ಮೇಲೆ, 2022ರಲ್ಲಿ, ನಮೀಬಿಯಾದಿಂದ ಎಂಟು ಸಿವಂಗಿಗಳನ್ನು ವಿಮಾನದಲ್ಲಿ ತಂದು ಮಧ್ಯಪ್ರದೇಶದ ಕುನೋದಲ್ಲಿ ಬಿಡಬೇಕಾಯಿತು. ಕಳೆದುಕೊಂಡದ್ದನ್ನು ಹೊರಗಿನಿಂದ ತರುವುದಕ್ಕೆ ಎಷ್ಟು ಕೋಟಿ ಬೇಕಾಗುತ್ತದೆಂಬುದನ್ನು ಲೆಕ್ಕ ಬಲ್ಲವರು ಯೋಚಿಸಲಿ. ನಮ್ಮಲ್ಲಿ ಇನ್ನೂ ಕಳೆದುಹೋಗದ ಪ್ರಾಣಿಗಳಿವೆ. ಅವನ್ನು ಉಳಿಸಿಕೊಳ್ಳುವುದಕ್ಕೆ ವಿಮಾನ ಬೇಡ.

ಇನ್ನು ನಮ್ಮ ಕಾಲದ ಸಂಗತಿಗೆ ಬರುತ್ತೇನೆ. ಈ ನಾಡಿನ ಇತಿಹಾಸವನ್ನು ಎರಡು ಭಾಗ ಮಾಡಬೇಕಾದರೆ ನಾನು ಗೆರೆ ಎಳೆಯುವುದು 1982ರಲ್ಲಿ. ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಅಣೆಕಟ್ಟು, ನಾವು ಬಸವಸಾಗರವೆನ್ನುವ ಜಲಾಶಯ, ಆ ವರ್ಷ ಪೂರ್ಣಗೊಂಡಿತು. ಅದರ ಎಡದಂಡೆಯ ಕಾಲುವೆ ಮತ್ತು ಶಾಖೆಗಳಿಂದ ನೀರುಣ್ಣಬೇಕಾದ ನೆಲ ನಾಲ್ಕು ಲಕ್ಷ ಹೆಕ್ಟೇರಿಗೂ ಮಿಕ್ಕುತ್ತದೆ. ಶಹಾಪುರ ಶಾಖಾ ಕಾಲುವೆಯೊಂದರ ಪಾಲೇ 1,22,120 ಹೆಕ್ಟೇರ್. ಬರಗಾಲವೆಂದರೆ ಏನೆಂದು ಬಲ್ಲ ನನ್ನಂಥವನು ಈ ನೀರಿನ ವಿರುದ್ಧ ಒಂದು ಮಾತನ್ನೂ ಆಡಲಾರೆನು. ಬುತ್ತಿ ಕಟ್ಟಿಕೊಂಡು ಮುಂಬಯಿ ಪುಣೆಗಳಿಗೆ ಗುಳೆ ಹೊರಟ ನೆರೆಹೊರೆಯವರನ್ನು ನಾನು ಬಾಲ್ಯದಲ್ಲಿ ನೋಡಿದ್ದೇನೆ. ಕಾಲುವೆ ಬಂದ ಮೇಲೆ ಅನೇಕರ ಒಲೆಯಲ್ಲಿ ಬೆಂಕಿ ಆರದೆ ಉಳಿಯಿತು, ಅವರ ಮಕ್ಕಳು ನಮ್ಮ ಶಾಲೆಗಳಿಗೆ ಬಂದರು. ಇದು ನಿರ್ವಿವಾದ.

ಆದರೆ ಹಿಂದೆ ಒಂದು ಮಾತನ್ನು ನೆನಪಿನಲ್ಲಿಡಲು ಕೋರಿದ್ದೆನಲ್ಲ, ಪ್ರಾಣಿಗಳ ನೆಲೆಯನ್ನು ನೀರು ನಿರ್ಧರಿಸುತ್ತದೆಂಬುದನ್ನು, ಅದು ಇಲ್ಲಿ ತಲೆಕೆಳಗಾಯಿತು. ನೀರು ಎಲ್ಲೆಡೆ ಹರಡಿತು. ಪ್ರಾಣಿ ಮಾತ್ರ ಇಲ್ಲವಾಯಿತು. ಏಕೆಂದರೆ ಇಲ್ಲಿಯ ಪ್ರಾಣಿಗಳಿಗೆ ಬೇಕಾದುದು ಕುಡಿಯುವಷ್ಟು ನೀರು ಮತ್ತು ಕಣ್ಣು ಹಾಯುವಷ್ಟು ಬಯಲು. ಕೃಷ್ಣಮೃಗವೆಂದು ಗ್ರಂಥಗಳಲ್ಲಿ ಹೆಸರಾದ ಚಿಗರಿ ಮೊಳಕಾಲುದ್ದದ ಹುಲ್ಲಿನಲ್ಲಿ ಮೇಯುವ ಪ್ರಾಣಿ. ದೂರದ ಅಪಾಯವನ್ನು ಕಣ್ಣಿನಿಂದ ಕಂಡು, ಕಾಲಿನ ಬಲದಿಂದ ಪಾರಾಗುವುದು ಅದರ ಜೀವನಕ್ರಮ. ಭತ್ತದ ಗದ್ದೆಯ ಕೆಸರಿನಲ್ಲಿ ಅದು ಓಡಲಾರದು. ಆಳೆತ್ತರದ ಹತ್ತಿಯ ಹೊಲದಲ್ಲಿ ಅದಕ್ಕೆ ದೂರ ಕಾಣಿಸದು. ಜೋಳದ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ತಿಂಗಳುಗಟ್ಟಲೆ ಹೊಲ ಖಾಲಿ ಬಿದ್ದಿರುತ್ತಿತ್ತು. ಕೂಳೆಯ ನಡುವೆ ಚಿಗರಿ, ಮೊಲ, ನರಿ ನಿರಾತಂಕವಾಗಿ ತಿರುಗುತ್ತಿದ್ದುವು. ನೀರಾವರಿಯ ಹೊಲಕ್ಕೆ ಆ ಬಿಡುವು ಇಲ್ಲ. ಸಿಮೆಂಟು ಹಾಸಿದ ಕಡಿದಾದ ದಂಡೆಗಳ ಕಾಲುವೆಗಳಂತೂ ಮೊದಲಿನ ಒಂದೇ ಬಯಲನ್ನು ಪಟ್ಟಿಪಟ್ಟಿಯಾಗಿ ಸೀಳಿದುವು. ಅವುಗಳಲ್ಲಿ ಬಿದ್ದ ಪ್ರಾಣಿ ಮೇಲೇರಿ ಬರುವುದು ಕಷ್ಟ.

ನಾನು ಕಿರಿಯನಾಗಿದ್ದಾಗ, ಅಂದರೆ ಕಾಲುವೆ ಬರುವುದಕ್ಕೆ ಮುಂಚೆ, ನಮ್ಮೂರ ಗೈರಾಣದಲ್ಲಿ ಬೆಳಗಿನ ಹೊತ್ತು ಚಿಗರಿಯ ಹಿಂಡನ್ನು ಕಾಣುವುದು ವಿಶೇಷವೇ ಆಗಿರಲಿಲ್ಲ. ಬಣ್ಣ ಕಪ್ಪಾದ ಹೋರಿಯೊಂದು ಕೊಂಬನ್ನು ಬೆನ್ನಿನ ಮೇಲೆ ಹಾಸಿಕೊಂಡು ಗತ್ತಿನಿಂದ ಹೆಜ್ಜೆ ಹಾಕುವುದನ್ನು ನೋಡುತ್ತ ನಿಂತು ಶಾಲೆಗೆ ತಡವಾಗಿ, ಗುರುಗಳಿಂದ ಬೆತ್ತದ ಏಟು ತಿಂದದ್ದು ನೆನಪಿದೆ. ಈಗ ಆ ಗೈರಾಣದಲ್ಲಿ ಕಾಲು ಭಾಗವೂ ಉಳಿದಿಲ್ಲ. ಚಿಗರಿಗಳು ಪೂರ್ತಿ ಅಳಿದಿಲ್ಲ; ಕಾಲುವೆ ಮುಟ್ಟದ ಒಣ ದಿಬ್ಬಗಳಿಗೆ, ನದಿಯ ದಂಡೆಯ ತುಂಡುಭೂಮಿಗಳಿಗೆ ಸರಿದಿವೆ. ನದಿಯಾಚೆ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ, ಮಾಗನೂರು, ಮಕ್ತಲ್ ಭಾಗಗಳಲ್ಲಿ ಅವು ನೂರಾರು ಸಂಖ್ಯೆಯಲ್ಲಿ ಹೊಲಗಳಿಗೆ ನುಗ್ಗುತ್ತವೆಂದು ಅಲ್ಲಿಯ ರೈತರು ಗೋಳಾಡುತ್ತಾರೆ. ನೆಲೆ ಕಿರಿದಾದಾಗ ಇರುವಷ್ಟು ಪ್ರಾಣಿಗಳೂ ಒಂದೆಡೆ ಒತ್ತೊತ್ತಾಗಿ ಸೇರುತ್ತವೆ. ನೋಡಿದವರು ‘ಚಿಗರಿ ಹೆಚ್ಚಾಗಿವೆ’ ಎನ್ನುತ್ತಾರೆ. ಹೆಚ್ಚಾದದ್ದು ದಟ್ಟಣೆಯೋ ಸಂತತಿಯೋ ಎಂಬುದನ್ನು ವಿಚಾರಿಸದೆ ತೀರ್ಮಾನಕ್ಕೆ ಬರಲಾಗದು.

ತೋಳದ ಗತಿ ಇದಕ್ಕಿಂತ ಶೋಚನೀಯ. ಹುಲಿಯನ್ನು 2006ರಿಂದ ನಾಲ್ಕು ವರ್ಷಕ್ಕೊಮ್ಮೆ ದೇಶಾದ್ಯಂತ ಎಣಿಸುತ್ತಾರೆ; 2022ರ ಎಣಿಕೆಯಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದುವು. ಬಯಲಿನ ತೋಳಕ್ಕೆ ಆ ಭಾಗ್ಯವಿಲ್ಲ. ಇಡೀ ಭಾರತದಲ್ಲಿ ಅವು ಸುಮಾರು ಮೂರು ಸಾವಿರವಿರಬಹುದೆಂದು ತಜ್ಞರ ಅಂದಾಜು; ಎಂದರೆ ತೋಳ ನಮ್ಮ ದೇಶದಲ್ಲಿ ಹುಲಿಯಷ್ಟೇ ವಿರಳ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ ತೋಳವೂ ಇದೆ, ಚಿಗರಿಯೂ ಇದೆ. ಆದರೆ ತೋಳ ಇರುವುದು ರಕ್ಷಿತಾರಣ್ಯದೊಳಗಲ್ಲ, ಕುರಿಯ ಹಿಂಡಿನ ಬೆನ್ನ ಹಿಂದೆ. ಕೆಂಗುರಿಯ ಹಿಂಡು ಹೊಡೆದುಕೊಂಡು ಊರೂರು ತಿರುಗುವ ಹಾಲುಮತದ ಹಿರಿಯರೊಬ್ಬರು ಒಮ್ಮೆ ನನ್ನೊಡನೆ, “ಅದಕ್ಕೂ ಹೊಟ್ಟಿ ಅದರೀ ಮಾಸ್ತರ್ರ. ವರ್ಷಕ್ಕ ಒಂದೆರಡು ಮರಿ ಒಯ್ದರ ಒಯ್ಯಲಿ” ಎಂದಿದ್ದರು. ಆ ಮಾತಿನಲ್ಲಿದ್ದ ಔದಾರ್ಯ ಇಂದು ಎಲ್ಲ ಕುರಿಗಾರರಲ್ಲಿಯೂ ಉಳಿದಿಲ್ಲವೆಂಬುದೂ ನಿಜ. ಗೈರಾಣ ಕಡಿಮೆಯಾಗಿ ಕುರಿ ಮೇಯಿಸುವುದೇ ದುಸ್ತರವಾದಾಗ, ಒಂದು ಮರಿ ಹೋದರೂ ಹೊಟ್ಟೆ ಉರಿಯುತ್ತದೆ. ಗವಿಗೆ ಹೊಗೆ ಹಾಕಿ ತೋಳದ ಮರಿಗಳನ್ನು ಕೊಲ್ಲುವುದುಂಟು. ಇದರ ಮೇಲೆ ಊರನಾಯಿಗಳ ಕಾಟ. ಹುಚ್ಚು ಮೊದಲಾದ ರೋಗಗಳು ನಾಯಿಯಿಂದ ತೋಳಕ್ಕೂ ನರಿಗೂ ಅಂಟುತ್ತವೆ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಒಂದು ಧಾಮವನ್ನು ಗೊತ್ತುಮಾಡಿರುವುದು ಸಂತೋಷದ ಸಂಗತಿ. ನಮ್ಮ ಭಾಗದ ತೋಳಗಳಿಗೆ ಅದರಿಂದ ನೇರ ಲಾಭವಿಲ್ಲವಾದರೂ, ತೋಳವನ್ನು ರಕ್ಷಿಸತಕ್ಕದ್ದೆಂದು ಸರ್ಕಾರ ಒಪ್ಪಿಕೊಂಡಿತಲ್ಲ!

ನದಿಯ ಪ್ರಾಣಿಗಳ ಕತೆ ಬೇರೆ. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳು ಹಿಂದಿನಿಂದ ಇದ್ದುವು, ಇಂದಿಗೂ ಇವೆ. 2009, 2019ರ ಮಹಾಪೂರಗಳನ್ನು ಕಂಡವರಿಗೆ ಇದು ಚೆನ್ನಾಗಿ ತಿಳಿದಿದೆ. ನೀರು ಏರಿದಾಗ ಮೊಸಳೆ ಹಳ್ಳದ ಗುಂಟ ಹೊಲದವರೆಗೂ ಬರುತ್ತದೆ. ನೀಲಕಂಠರಾಯನಗಡ್ಡಿಯಂಥ ನಡುಗಡ್ಡೆಯ ಜನ ಪ್ರವಾಹ ಬಂದಾಗಲೆಲ್ಲ ಹೊರಜಗತ್ತಿನ ಸಂಪರ್ಕ ಕಳೆದುಕೊಂಡು, ನೀರು ಮತ್ತು ಮೊಸಳೆ ಎರಡರ ಭಯದಲ್ಲಿಯೂ ಬದುಕುತ್ತಾರೆ. ಅವರ ಮುಂದೆ ನಿಂತು ಮೊಸಳೆಯ ಪರ ವಾದಿಸುವ ಧೈರ್ಯ ನನಗಿಲ್ಲ. ಅವರಿಗೆ ಬೇಕಾದುದು ಸೇತುವೆ. ಆದರೆ ಮೊಸಳೆ ಮೊಟ್ಟೆಯಿಡುವುದು ದಂಡೆಯ ಮರಳನ್ನು ತೋಡಿ ಎಂಬುದನ್ನು ಮರೆಯಬಾರದು. ರಾತ್ರಿಯಿಡೀ ಲಾರಿಗಳಲ್ಲಿ ಮರಳು ಸಾಗುತ್ತಿರುವಾಗ ಆ ಪ್ರಾಣಿ ಎಲ್ಲಿ ಮೊಟ್ಟೆಯಿಡಬೇಕು? ಮರಳಿಗೆ ಮೊಟ್ಟೆಯಿಡುವ ಆಮೆಗಳ ಸ್ಥಿತಿಯೂ ಅದೇ. ಭೀಮೆಯಲ್ಲಿ ಸನ್ನತಿ, ಗುರುಸಣಗಿಗಳಂಥ ಕಡೆ ಬ್ಯಾರೇಜುಗಳಾದ ಮೇಲೆ ನದಿ ಮೆಟ್ಟಿಲು ಮೆಟ್ಟಿಲಾಗಿ ನಿಂತ ನೀರಿನ ಕೊಳಗಳ ಸಾಲಾಗಿದೆ. ಹಿಂದೆ ಬೇಸಗೆಯಲ್ಲಿ ತೆರೆದುಕೊಳ್ಳುತ್ತಿದ್ದ ಮರಳಿನ ಹರವು ಅಂಥ ಕಡೆ ನೀರಿನಡಿ ಸೇರಿದೆ.

ಎಲ್ಲವೂ ನಷ್ಟವೇ ಎಂದು ನಾನು ಹೇಳಹೊರಟಿಲ್ಲ. ಸುರಪುರದ ಹತ್ತಿರದ ಬೋನಾಳ ಕೆರೆಯನ್ನೇ ನೋಡಿ. ಹದಿನೇಳನೆಯ ಶತಮಾನದಲ್ಲಿ ಪಾಮನಾಯಕನು ಕಟ್ಟಿಸಿದ, ಟೇಲರನು ಸುಧಾರಿಸಿದ ಈ ಕೆರೆ ಇಂದು ಪಕ್ಷಿಧಾಮವಾಗಿದೆ. ಚಳಿಗಾಲದಲ್ಲಿ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೂ ಇಲ್ಲಿ ಆತಿಥ್ಯವುಂಟು. ಜನರ ಉಪಯೋಗಕ್ಕೆಂದು ಮನುಷ್ಯನೇ ಕಟ್ಟಿದ ನೀರು ಹಕ್ಕಿಗಳ ಮನೆಯಾಯಿತು. ನವಿಲು, ಕಾಡುಹಂದಿಗಳು ನೀರಾವರಿ ಬೆಳೆಯ ಆಸರೆಯಲ್ಲಿ ಸಲೀಸಾಗಿ ಬದುಕಬಲ್ಲುವು. ಹಂದಿಯ ಉಪದ್ರವವನ್ನು ಶೇಂಗಾ ಬೆಳೆಯುವವರನ್ನು ಕೇಳಿ ತಿಳಿಯಬೇಕು. ಮಂಗಗಳಲ್ಲಿಯೂ ಒಂದು ಸದ್ದಿಲ್ಲದ ಪಲ್ಲಟ ನಡೆದಿದೆ. ತಲೆಯ ಮೇಲೆ ಟೋಪಿಯಂತೆ ಕೂದಲಿರುವ, ನೀಳ ಬಾಲದ ಮಂಗ ದಕ್ಷಿಣದ ಸ್ವಂತ ಜಾತಿ. ಗಿಡ್ಡ ಬಾಲದ ಉತ್ತರದ ಮಂಗಗಳು ಗೋದಾವರಿಯನ್ನು ದಾಟಿ ದಕ್ಷಿಣಕ್ಕೆ ಸರಿಯುತ್ತ ನಮ್ಮ ಜಾತಿಯನ್ನು ಹಿಂದೂಡುತ್ತಿವೆಯೆಂದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ದೇವಸ್ಥಾನದ ಮೆಟ್ಟಿಲ ಮೇಲೆ ಕುಳಿತ ಮಂಗ ಎರಡರಲ್ಲಿ ಯಾವುದೆಂದು ನಮ್ಮಲ್ಲಿ ಎಷ್ಟು ಮಂದಿ ಬಾಲ ನೋಡಿದ್ದೇವೆ?

ಹೀಗೆ ಹೊಂದಿಕೊಳ್ಳಬಲ್ಲ ಪ್ರಾಣಿಗಳು ಉಳಿದುವು, ಹುಲ್ಲುಬಯಲನ್ನೇ ನೆಚ್ಚಿದವು ಕುಗ್ಗಿದುವು. ಇದಕ್ಕೆ ನೀರಾವರಿ ಒಂದೇ ಕಾರಣವೆಂದರೆ ಅನ್ಯಾಯವಾದೀತು. ಮೂಲವಾದ ತಪ್ಪು ಒಂದು ಶಬ್ದದಲ್ಲಿದೆ. ನಿಜಾಮನ ಕಾಲದ ಕಂದಾಯ ದಫ್ತರದಲ್ಲಿ ತೆರಿಗೆ ಬಾರದ ನೆಲವನ್ನು ‘ಖಾರೀಜ್ ಖಾತಾ’ ಎಂದು ಬರೆದರು, ಎಂದರೆ ಲೆಕ್ಕದಿಂದ ಹೊರಗೆ ತೆಗೆದದ್ದು. ಇಂದಿನ ಉಪಗ್ರಹ ನಕ್ಷೆಗಳೂ ಕುರುಚಲು ಹುಲ್ಲುಭೂಮಿಯನ್ನು ‘ಪಾಳುಭೂಮಿ’ಯ ಬಣ್ಣದಲ್ಲಿಯೇ ತುಂಬುತ್ತವೆ. ಪಾಳೆಂದ ಮೇಲೆ ಅದನ್ನು ಏನು ಮಾಡಿದರೂ ಉಪಕಾರವೇ. ಕೆಲವನ್ನು ಹಂಚಲಾಯಿತು, ಕೆಲವನ್ನು ಒತ್ತಲಾಯಿತು. ಕಲ್ಲು ಒಡೆಯಲು, ಕಾರ್ಖಾನೆ ಕಟ್ಟಲು ಮೊದಲು ಕಣ್ಣು ಹೋಗುವುದೂ ಇಂಥ ನೆಲದ ಮೇಲೆಯೇ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ರಾಜ್ಯದ ಎಷ್ಟೋ ಹುಲ್ಲುಗಾವಲುಗಳು ನೀಲಗಿರಿಯ ತೋಪುಗಳಾದುವು. ಉಳಿದ ಕಡೆ ಬಳ್ಳಾರಿ ಜಾಲಿ ತಾನೇ ಹಬ್ಬಿತು.

ಮರ ನೆಡುವುದು ಪುಣ್ಯವೆಂದು ನಂಬಿದ ನಮಗೆ ಇದು ಕಹಿಯಾಗಿ ಕೇಳಿಸಬಹುದು. ರಾಣೆಬೆನ್ನೂರಿನ ದೃಷ್ಟಾಂತವನ್ನು ನೋಡೋಣ. 1974ರಲ್ಲಿ ಅಲ್ಲಿ ಕೃಷ್ಣಮೃಗಕ್ಕೆಂದೇ ಧಾಮವನ್ನು ಘೋಷಿಸಿದರು. ಜನ ಎರ್ಲಡ್ಡು ಎಂದು ಕರೆಯುವ ಹಿರಿಯ ಹಕ್ಕಿಯೂ ಅಲ್ಲಿತ್ತು. ಆದರೆ ಧಾಮದ ಬಹುಭಾಗದಲ್ಲಿ ನೀಲಗಿರಿ ಎದ್ದು ನಿಂತಿತ್ತು. ಬಯಲು ತೋಪಾಯಿತು, ಎರ್ಲಡ್ಡು ಕಣ್ಮರೆಯಾಯಿತು. ಇಂದು ಕರ್ನಾಟಕದಲ್ಲಿ ಆ ಹಕ್ಕಿ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಅಲ್ಲಿ ಯಾರೂ ಬಂದೂಕು ಹಿಡಿದು ಅದನ್ನು ಓಡಿಸಬೇಕಾಗಲಿಲ್ಲ.

ರೈತನ ಆಕ್ಷೇಪಣೆಗೆ ಉತ್ತರ ಹೇಳದೆ ಮುಂದೆ ಹೋಗುವುದು ಧರ್ಮವಲ್ಲ. ಮೊಳಕೆಯೊಡೆದ ಹತ್ತಿಯನ್ನೂ ಕಡಲೆಯನ್ನೂ ಚಿಗರಿ ಒಂದೇ ರಾತ್ರಿಯಲ್ಲಿ ಮೇಯ್ದು ಹೋದರೆ, ಸಾಲ ತಂದು ಬಿತ್ತಿದವನು ಏನು ಮಾಡಬೇಕು? ಅರಣ್ಯ ಇಲಾಖೆಯ ಪರಿಹಾರಧನವಿದೆ. ಅದು ಸಕಾಲಕ್ಕೆ, ಅಲೆದಾಡಿಸದೆ, ನಷ್ಟಕ್ಕೆ ತಕ್ಕಷ್ಟು ಸಿಗುವಂತಾಗಬೇಕು. ನಾಡಿಗೆಲ್ಲ ಸೇರಿದ ಪ್ರಾಣಿಯನ್ನು ಸಾಕುವ ವೆಚ್ಚವನ್ನು ಒಬ್ಬ ಬಡವನ ಎರಡು ಎಕರೆಯ ಮೇಲೆ ಹೊರಿಸತಕ್ಕದ್ದಲ್ಲ. ಆದರೆ ಗೈರಾಣವೇ ಇಲ್ಲದಿದ್ದರೆ ಪರಿಹಾರಧನ ಎಂದಿಗೂ ಸಾಲದು. ಊರಿಗೊಂದು ಹುಲ್ಲಿನ ಹರವು ಉಳಿದರೆ ಚಿಗರಿಗೂ ಕುರಿಗೂ ಅಲ್ಲಿ ಮೇವಿದೆ, ಬೆಳೆಯ ಮೇಲಿನ ಒತ್ತಡವೂ ತಗ್ಗುತ್ತದೆ.

ಇಲ್ಲಿ ನಮ್ಮ ಸಂಸ್ಥೆಗಳ ಮಾತು ಬರುತ್ತದೆ. ಈ ಭಾಗದ ಅನೇಕ ವಿದ್ಯಾಸಂಸ್ಥೆಗಳಿಗೂ ಮಠಗಳಿಗೂ ಭಕ್ತರು, ದಾನಿಗಳು ಕೊಟ್ಟ ಒಣಭೂಮಿ ಇದೆ. ಕೆಲವೆಡೆ ಅದು ಕಟ್ಟಡಕ್ಕೂ ಬೇಸಾಯಕ್ಕೂ ಒದಗದೆ ಹುಲ್ಲು ಬೆಳೆದು ನಿಂತಿರುತ್ತದೆ. ವನಮಹೋತ್ಸವದ ದಿನ ಅಲ್ಲಿ ಗುಂಡಿ ತೋಡಿಸಿ ಸಸಿ ನೆಡಿಸುವ ಉತ್ಸಾಹ ನಮ್ಮದು. ದಾನಿ ಮಹನೀಯರಲ್ಲಿಯೂ ಆಡಳಿತ ಮಂಡಳಿಗಳ ಹಿರಿಯರಲ್ಲಿಯೂ ನನ್ನ ವಿನಂತಿ ಇಷ್ಟೆ: ಸಸಿಗಳನ್ನು ಶಾಲೆಯ ಅಂಗಳದಲ್ಲಿ, ರಸ್ತೆಯ ಇಕ್ಕೆಲಗಳಲ್ಲಿ, ಕೆರೆಯ ಏರಿಯ ಕೆಳಗೆ ಧಾರಾಳವಾಗಿ ನೆಡೋಣ, ಹುಲ್ಲು ಇರುವಲ್ಲಿ ಹುಲ್ಲನ್ನು ಇರಗೊಡೋಣ. ಜಾಲಿಯನ್ನು ಮಾತ್ರ ಬೇರುಸಹಿತ ಕೀಳಿಸೋಣ. ಹತ್ತು ಎಕರೆ ಹುಲ್ಲಿನಿಂದ ಚಿಗರಿಯ ವಂಶ ಉದ್ಧಾರವಾಗದೆಂದು ಬಲ್ಲೆ. ಆದರೆ ಮೊಲ, ಗೌಜಲಕ್ಕಿ, ಉಡ, ನರಿಗಳಿಗೆ ಅದು ಸಾಲುತ್ತದೆ. ಊರ ಗೈರಾಣವನ್ನು ಒತ್ತುವರಿಯಿಂದ ಬಿಡಿಸಬೇಕೆಂದು ಪಂಚಾಯಿತಿಯ ಮುಂದೆ ಮಾತಾಡುವಾಗ, ನಮ್ಮ ಭೂಮಿಯನ್ನು ನಾವು ಹೇಗಿಟ್ಟುಕೊಂಡಿದ್ದೇವೆಂದು ಬೆರಳು ಮಾಡಿ ತೋರಿಸುವ ಅಧಿಕಾರವೂ ಬರುತ್ತದೆ.

ಶಿಕ್ಷಕ ಬಂಧುಗಳಲ್ಲಿ ಇನ್ನೊಂದು ಕೋರಿಕೆ. ಪ್ರತಿ ಶಾಲೆಯಲ್ಲಿಯೂ ಹಾಜರಿ ಪುಸ್ತಕದಂತೆ ಪ್ರಾಣಿಗಳ ಪುಸ್ತಕವೊಂದು ಇರಲಿ. ನಮ್ಮ ಮಕ್ಕಳು ಹತ್ತಾರು ಹಳ್ಳಿಗಳಿಂದ ಬರುತ್ತಾರೆ. ಅಷ್ಟು ಕಣ್ಣುಗಳು ಯಾವ ಇಲಾಖೆಯಲ್ಲಿಯೂ ಇಲ್ಲ. ಕಂಡ ಪ್ರಾಣಿ, ಎಷ್ಟು, ಯಾವ ಊರ ಸೀಮೆ, ಯಾವ ತಿಂಗಳು, ಹೊಲದಲ್ಲಿ ಯಾವ ಬೆಳೆ ಇತ್ತು ಎಂದು ಬರೆದರೆ ಸಾಕು. ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಬೇಕು, ಅದೂ ಮಾಹಿತಿಯೇ. ತೋಳದ ಗವಿಯ ಸ್ಥಳವನ್ನು ಮಾತ್ರ ಬರೆಯಕೂಡದು, ಕಾರಣವನ್ನು ಹೇಳಬೇಕಾಗಿಲ್ಲ. ಹತ್ತು ವರ್ಷ ಎಡೆಬಿಡದೆ ಬರೆದ ಪುಸ್ತಕ, ಕಾಲುವೆಯ ಮೇಲಿನ ಊರುಗಳಲ್ಲಿ ಏನಾಯಿತು, ಒಣಸೀಮೆಯ ಊರುಗಳಲ್ಲಿ ಏನಾಯಿತು ಎಂಬುದನ್ನು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ತಿಳಿಸುತ್ತದೆ.

ಅಂಥದೊಂದು ಪುಸ್ತಕಕ್ಕೆ ರಟ್ಟು ಹಾಕಿಸಿ, ಗೆರೆ ಎಳೆಸಿ, ಈ ಸಂಚಿಕೆಗೆ ಲೇಖನ ಕಳಿಸುವಾಗಲೇ ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದ್ದೇನೆ. ಮೊದಲ ಪುಟದಲ್ಲಿ ನಮ್ಮೂರ ಗೈರಾಣದಲ್ಲಿ ನಾನು ಬಾಲ್ಯದಲ್ಲಿ ಕಂಡ ಪ್ರಾಣಿಗಳನ್ನು ನೆನಪಿದ್ದಷ್ಟು ಬರೆದಿದ್ದೇ��ೆ. ಎರಡನೆಯ ಪುಟದಿಂದ ಖಾಲಿ ಇದೆ.